ಮೂರನೇ ಮಹಡಿಯ ಮನೆ, ಐದನೇ ಮಹಡಿಯ ಕಾಗದ

ಅಕ್ಕ ಫೋನ್ ಮಾಡಿ “ಬಳ್ಳಾರಿಯಾಗ ಒಂದು ಫ್ಲಾಟ್ ನೋಡೀವಪ್ಪ, ನೀನೂ ಒಮ್ಮೆ ಬಂದು ನೋಡು” ಅಂದಾಗ ಭಾವ ಆಗಲೇ ಒಂದು ಲಕ್ಷ ಟೋಕನ್ ಕೊಟ್ಟು ಬಂದಿದ್ದರು. ಆ ವಿಷಯ ಅವಳು ಹೇಳಿದ್ದು ಮಾತೆಲ್ಲ ಮುಗಿದು ಫೋನ್ ಇಡೋ ಹೊತ್ತಿಗೆ. 75 ಸಾವಿರ ಮಾಲೀಕರಿಗೆ ಫೋನ್‌ಪೇ, 25 ಸಾವಿರ ಬ್ರೋಕರ್ ಕೈಗೆ ನಗದು. ರಸೀದಿ ಎಲ್ಲಿ ಅಂದರೆ “ವಾಟ್ಸಾಪ್‌ನಾಗ ಮೆಸೇಜ್ ಹಾಕ್ಯಾರ” ಅಂದಳು. ಮೆಸೇಜ್ ಏನು ಅಂತ ಆಮೇಲೆ ನೋಡಿದೆ. ಒಂದು ಕೈಮುಗಿದ ಚಿತ್ರ, ಅದರ ಕೆಳಗೆ “ರಿಸೀವ್ಡ್ ಸರ್”.

ಇದು 2025ರ ನವೆಂಬರ್ ಮಾತು. ಭಾವ ಸಿರುಗುಪ್ಪ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು, ಮುಂದಿನ ಮೇ ತಿಂಗಳಿಗೆ ರಿಟೈರ್. ಅಕ್ಕನಿಗೆ ಮೊಣಕಾಲು ನೋವು, ತಿಂಗಳಿಗೆ ಎರಡು ಸಲ ಬಳ್ಳಾರಿ ಆಸ್ಪತ್ರೆಗೆ ಓಡಾಟ. ಮಗಳ ಕಾಲೇಜೂ ಅಲ್ಲೇ. ಹಾಗಾಗಿ ಊರ ಮನೆ ಅಣ್ಣತಮ್ಮಂದಿರಿಗೆ ಬಿಟ್ಟು ಬಳ್ಳಾರಿಯಲ್ಲಿ ಲಿಫ್ಟ್ ಇರೋ ಕಡೆ ಎರಡು ಬೆಡ್‌ರೂಮಿನ ಫ್ಲಾಟ್ ತಗೊಳ್ಳೋದು ಅಂತ ತೀರ್ಮಾನ ಆಗಿತ್ತು. ಬಜೆಟ್ 45 ಲಕ್ಷ. ಇದಕ್ಕೂ ಮುಂಚೆ ಎರಡು ನೋಡಿ ಬಿಟ್ಟಿದ್ದರು. ಒಂದರ ಪಕ್ಕದ ಚರಂಡಿಯಲ್ಲಿ ಜೀನ್ಸ್ ವಾಷಿಂಗ್ ಘಟಕದ ನೀಲಿ ನೀರು ಹರೀತಿತ್ತು. ಇನ್ನೊಂದು ಟೆರೇಸಿನ ಕೆಳಗಿನ ಕೊನೆ ಮಹಡಿ. ಬಳ್ಳಾರಿ ಬೇಸಿಗೆಯಲ್ಲಿ 40 ಡಿಗ್ರಿ ದಾಟೋದು ಮಾಮೂಲು, ಅಂಥ ಮನೆಯಲ್ಲಿ ರಾತ್ರಿ ಹತ್ತರವರೆಗೂ ಛಾವಣಿ ಕಾದ ಹಂಚಿನ ಹಾಗೆ ಇರುತ್ತೆ.

ನಾನು ಎಂಜಿನಿಯರ್ ಅಲ್ಲ, ಲಾಯರೂ ಅಲ್ಲ. ಹೊಸಪೇಟೆಯಲ್ಲಿ ಒಂದು ಟೈಲ್ಸ್ ಅಂಗಡಿಯಲ್ಲಿ ಕೆಲಸ. ಆದರೆ ವರ್ಷಕ್ಕೆ ನೂರಾರು ಬಾತ್‌ರೂಮ್ ನೋಡೋನಿಗೆ ಗೋಡೆ ಏನು ಹೇಳ್ತಿದೆ ಅಂತ ಒಂದಿಷ್ಟು ಗೊತ್ತಾಗುತ್ತೆ. ಆ ಎರಡು ತಿಂಗಳಲ್ಲಿ ನಾವು ಏನೇನು ನೋಡಿದೆವು, ಎಲ್ಲಿ ತಪ್ಪಿದೆವು ಅಂತ ಇದ್ದದ್ದು ಇದ್ದ ಹಾಗೆ ಬರೀತಿದ್ದೀನಿ. ಕಟ್ಟಡದ ಹೆಸರು, ಬಿಲ್ಡರ್ ಹೆಸರು ಬೇಡ. ಹೊಸಪೇಟೆ ರಸ್ತೆ ಕಡೆಯ ಒಂದು ಬಡಾವಣೆ ಅಂದರೆ ಸಾಕು.

ಭಾನುವಾರ ಬೆಳಗ್ಗೆ ಹನ್ನೊಂದು ಗಂಟೆ

ಬ್ರೋಕರ್ ಯಾವಾಗಲೂ ಇದೇ ಹೊತ್ತಿಗೆ ಕರೀತಾರೆ. ಬಿಸಿಲು ಹದವಾಗಿರುತ್ತೆ, ರಸ್ತೆ ಖಾಲಿ, ಮನೆಯಲ್ಲಿ ಊದುಬತ್ತಿ ವಾಸನೆ. ಕೆಳಗೆ ಪಾರ್ಕಿಂಗ್, ಮೇಲೆ ಐದು ಮಹಡಿ, ಮಹಡಿಗೆ ನಾಲ್ಕು ಮನೆ, ಒಟ್ಟು ಇಪ್ಪತ್ತು. ನಮ್ಮದು ಮೂರನೇ ಮಹಡಿ, ಪೂರ್ವದ ಬಾಗಿಲು. 2015ರಲ್ಲಿ ಮಾಲೀಕರು ಬಿಲ್ಡರ್ ಹತ್ತಿರ ಕೊಂಡಿದ್ದು. ಕೇಳಿದ ಬೆಲೆ 46, ಭಾವ ಮಾತಾಡಿ 44ಕ್ಕೆ ಇಳಿಸಿದ್ದರು.

ಲಿಫ್ಟ್ ಹತ್ತಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಗುಂಡಿಗಳು ನಾಲ್ಕರವರೆಗೆ ಮಾತ್ರ ಇವೆ. ಐದನೇ ಮಹಡಿಯವರು ನಾಲ್ಕರಲ್ಲಿ ಇಳಿದು ಮೆಟ್ಟಿಲು ಹತ್ತಬೇಕು. ಯಾಕೆ ಅಂದೆ. “ಅವರಿಗೆ ವ್ಯಾಯಾಮ ಆಗ್ಲಿ ಅಂತ ಬಿಡ್ರಿ ಸಾರ್” ಅಂತ ಬ್ರೋಕರ್ ನಕ್ಕರು. ನಾವೂ ನಕ್ಕೆವು. ನಮ್ಮ ಮನೆ ಮೂರರಲ್ಲಿ ಇದೆ, ನಮಗೇನು ಅಂತ. ಇಡೀ ಪ್ರಕರಣದ ಉತ್ತರ ಆ ಗುಂಡಿ ಇಲ್ಲದ ಜಾಗದಲ್ಲೇ ಇತ್ತು, ನಮಗೆ ಹೊಳೆಯೋಕೆ ಆರು ವಾರ ಬೇಕಾಯ್ತು.

ಒಳಗೆ ಮಕ್ಕಳ ಕೋಣೆಯ ಒಂದು ಗೋಡೆಗೆ ಮಾತ್ರ ಹೊಸ ಬಣ್ಣ. ಮೂರು ಗೋಡೆ ಮಾಸಲು, ಒಂದು ಮಿಂಚ್ತಿದೆ. ಇಡೀ ಮನೆಗೆ ಬಣ್ಣ ಹೊಡೆಸಿದ್ದರೆ ಸುಮ್ನೆ ಇರ್ತಿದ್ದೆ. ಐದು ರೂಪಾಯಿ ನಾಣ್ಯ ತೆಗೆದು ಆ ಗೋಡೆಗೆ ಕೆಳಗಿಂದ ಬಡಿಯುತ್ತಾ ಹೋದೆ. ಸ್ಕರ್ಟಿಂಗ್‌ನಿಂದ ಎರಡು ಅಡಿವರೆಗೆ ಡಬ್ ಡಬ್ ಅಂತ ಪೊಳ್ಳು ಸದ್ದು, ಮೇಲೆ ಗಟ್ಟಿ. ಗೋಡೆಯ ಆಚೆ ಬಾತ್‌ರೂಮ್. ಷವರ್ ಮೂಲೆಯ ಟೈಲ್ಸ್ ಸಂದಿಯಲ್ಲಿ ಗ್ರೌಟ್ ಕರಗಿ ಹೋಗಿದೆ, ನೀರು ಗೋಡೆಯೊಳಗೆ ಇಳೀತಿದೆ. ಇದು ದೊಡ್ಡ ರೋಗ ಏನಲ್ಲ. ಟೈಲ್ಸ್ ಕಿತ್ತು ವಾಟರ್‌ಪ್ರೂಫಿಂಗ್ ಮಾಡಿಸಿ ಮತ್ತೆ ಕೂರಿಸೋಕೆ ಅರವತ್ತು ಎಪ್ಪತ್ತು ಸಾವಿರ. ಮುಚ್ಚಿಟ್ಟದ್ದು ನನಗೆ ಬೇಜಾರಾಯ್ತು ಅಷ್ಟೆ.

ಬಿರುಕಿನ ಬಗ್ಗೆಯೂ ಇಲ್ಲೇ ಹೇಳ್ತೀನಿ. ಬಳ್ಳಾರಿ ಸುತ್ತ ಬಹಳ ಕಡೆ ಎರೆ ಭೂಮಿ. ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತೆ. ಪಾಯ ಸರಿ ಇಲ್ಲದಿದ್ದರೆ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತೆ. ಕೂದಲೆಳೆಯಂಥ ಪ್ಲಾಸ್ಟರ್ ಬಿರುಕಿಗೆ ಹೆದರಬೇಕಿಲ್ಲ, ಓರೆ ಬಿರುಕಿಗೆ ಹೆದರಬೇಕು. ಇಲ್ಲಿ ಕಾಂಪೌಂಡ್ ಗೋಡೆ ಓರೆಯಾಗಿ ಸೀಳಿತ್ತು, ಆದರೆ ಪಾರ್ಕಿಂಗ್‌ನ ಕಂಬ, ತೊಲೆ ಎಲ್ಲಾ ಸರಿ ಇದ್ದವು.

ಆಮೇಲೆ ಟೇಪು. ಬ್ರೋಕರ್ ಹೇಳಿದ್ದು 1,180 ಚದರಡಿ. ಅದು ಸೂಪರ್ ಬಿಲ್ಟಪ್, ಅಂದರೆ ಮೆಟ್ಟಿಲು, ಲಿಫ್ಟ್, ಓಣಿ ಎಲ್ಲದರ ಪಾಲು ಸೇರಿಸಿದ್ದು. ಒಳಗೆ ಅಳೆದರೆ ಕಾರ್ಪೆಟ್ ಏರಿಯಾ 792 ಬಂತು. 44 ಲಕ್ಷವನ್ನು 1,180ರಿಂದ ಭಾಗಿಸಿದರೆ ಅಡಿಗೆ 3,700 ಚಿಲ್ಲರೆ, 792ರಿಂದ ಭಾಗಿಸಿದರೆ 5,555. ಭಾವ ಈ ಲೆಕ್ಕ ಬಾಯಲ್ಲೇ ಮಾಡಿದರು. ಮಾಡಿ ಸುಮ್ಮನಾದರು.

ಖರ್ಚು ಇಷ್ಟಕ್ಕೇ ನಿಲ್ಲಲ್ಲ. 45 ಲಕ್ಷದ ಒಳಗಿನ ಫ್ಲಾಟಿಗೆ ಮುದ್ರಾಂಕ ಶುಲ್ಕ ಕಡಿಮೆ ಅಂತ ಬ್ರೋಕರ್ ಹೇಳಿದ್ದರು. ಅದು ಬಿಲ್ಡರ್‌ನಿಂದ ಮೊದಲ ಸಲ ಕೊಳ್ಳುವವರಿಗೆ. ಇದು ಮರುಮಾರಾಟ, ಹಾಗಾಗಿ ಪೂರ್ತಿ ಶೇ 5, ಅದರ ಮೇಲೆ ಸೆಸ್ಸು ಸರ್‌ಚಾರ್ಜು ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಒಟ್ಟು ಶೇ 7.6. 44 ಲಕ್ಷಕ್ಕೆ 3,34,400 ರೂಪಾಯಿ. ಭಾವ ಈ ದುಡ್ಡು ಎತ್ತಿಟ್ಟೇ ಇರಲಿಲ್ಲ.

ಕಿರಾಣಿ ಅಂಗಡಿಯ ಮೆಟ್ಟಿಲು

ಆ ಭಾನುವಾರದ ನಂತರ ನಾನು ಬ್ರೋಕರ್‌ಗೆ ಹೇಳದೆ ಮೂರು ಸಲ ಹೋದೆ. ಒಂದು ಮಂಗಳವಾರ ಸಂಜೆ ಏಳೂವರೆಗೆ, ಒಂದು ಗುರುವಾರ ಬೆಳಗಿನ ಜಾವ, ಒಮ್ಮೆ ಮಧ್ಯಾಹ್ನ ಮೂರಕ್ಕೆ. ಮಧ್ಯಾಹ್ನದ್ದರಲ್ಲಿ ಹೇಳೋಕೆ ಜಾಸ್ತಿ ಇಲ್ಲ. ಪಶ್ಚಿಮದ ಗೋಡೆ ಮುಟ್ಟಿ ನೋಡಿದೆ, ಚಳಿಗಾಲದಲ್ಲೂ ಬೆಚ್ಚಗಿತ್ತು. ಮಾಸ್ಟರ್ ಬೆಡ್‌ರೂಮ್ ಆ ಕಡೆಯೇ ಇದೆ, ಏಸಿ ಬೇಕೇ ಬೇಕು.

ಸಂಜೆ ಮೊದಲು ಎದುರಿನ ಬಂಡಿಯಲ್ಲಿ ಒಗ್ಗರಣೆ ಮಿರ್ಚಿ ತಿಂದೆ. ಬಂಡಿಯವರಿಗೆ, ಕಿರಾಣಿ ಅಂಗಡಿಯವರಿಗೆ, ಇಸ್ತ್ರಿ ಅಂಗಡಿಯವರಿಗೆ ಗೊತ್ತಿಲ್ಲದ ವಿಷಯ ಆ ಬೀದಿಯಲ್ಲಿ ಇರಲ್ಲ. ಕಿರಾಣಿ ಅಂಗಡಿಗೆ ಹತ್ತೋಕೆ ಮೂರು ಮೆಟ್ಟಿಲು ಇತ್ತು. ಪಕ್ಕದ ಮನೆಯ ಗೇಟಿನ ಕೆಳಗೂ ಮೊಣಕಾಲೆತ್ತರ ಸಿಮೆಂಟ್ ಕಟ್ಟೆ. ಅದರ ಪಕ್ಕದ್ದಕ್ಕೂ. ಒಬ್ಬರು ಕಟ್ಟಿಸಿದ್ದರೆ ಅವರ ಇಷ್ಟ ಅನ್ನಬಹುದು, ಸಾಲಾಗಿ ಎಲ್ಲರೂ ಕಟ್ಟಿಸಿದ್ದಾರೆ ಅಂದರೆ ನೀರು ನುಗ್ಗುತ್ತೆ ಅಂತಲೇ ಅರ್ಥ ಅಲ್ವಾ? ಕೇಳಿದೆ. “ವರ್ಷಕ್ಕ ಎರಡು ಸಲ ಬರ್ತಾವ್ರೀ, ಒಂದ್ ತಾಸು ನಿಂತು ಹೋಗ್ತಾವ. ಆ ಅಪಾರ್ಟ್‌ಮೆಂಟ್ ಎತ್ತರದಾಗ ಐತೆ, ಅದಕ್ಕ ಬರಂಗಿಲ್ಲ” ಅಂದರು. ಹೋಗಿ ನೋಡಿದೆ. ನಿಜ, ಪಾರ್ಕಿಂಗ್‌ನ ಗೋಡೆಯಲ್ಲಿ ನೀರು ನಿಂತ ಗೆರೆ ಇರಲಿಲ್ಲ.

ಹಿಂದಿನ ಬೀದಿಯಲ್ಲಿ ಕಲ್ಯಾಣ ಮಂಟಪ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕಬಾರದು ಅಂತ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಇದೆ. ಮದುವೆ ಮನೆಯ ಡಿಜೆಗೆ ಅದು ಗೊತ್ತಿದ್ದ ಹಾಗೆ ಕಾಣಲಿಲ್ಲ. ಅಕ್ಕನಿಗೆ ಇದು ತೊಂದರೆಯೇ ಅಲ್ಲ, “ಹಾಡು ಕೇಳ್ಕೊಂತ ಮಕ್ಕಂತೀವಿ” ಅಂದಳು. ಆಸ್ಪತ್ರೆ ದಾರಿಯಲ್ಲಿ ಒಂದು ರೈಲ್ವೆ ಗೇಟ್ ಇದೆ. ಎರಡು ಗೂಡ್ಸ್ ಗಾಡಿ ಹೋಗೋವರೆಗೆ ಹದಿನೇಳು ನಿಮಿಷ ನಿಂತೆ. ಸುತ್ತು ಹಾಕಿದರೆ ಎರಡು ಕಿಲೋಮೀಟರ್ ಜಾಸ್ತಿ, ಗೇಟ್ ಇಲ್ಲ. ಅದು ಪರವಾಗಿಲ್ಲ.

ಬಳ್ಳಾರಿ ಅಂದ ಕೂಡಲೇ ಧೂಳಿನ ಮಾತು ಬರುತ್ತೆ. ಗಣಿ ಜೋರಾಗಿದ್ದ ವರ್ಷಗಳಲ್ಲಿ ಹೊಸಪೇಟೆ ರಸ್ತೆಯ ಗಿಡಮರ ಎಲ್ಲಾ ಕೆಂಪಾಗಿದ್ದದ್ದನ್ನು ನಾನೇ ನೋಡಿದ್ದೀನಿ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿದ ಮೇಲೆ ಆ ಬಣ್ಣ ಇಳೀತು. ಈಗ ಗಣಿ ಮತ್ತೆ ನಡೀತಿದೆ, ಆದರೆ ಆಗಿನ ಹಾಗಲ್ಲ. ಈಗ ಜನ ಹೇಳೋದು ಕರಿ ಧೂಳಿನ ಬಗ್ಗೆ. ಸ್ಪಾಂಜ್ ಐರನ್ ಕಾರ್ಖಾನೆ, ಕಲ್ಲಿದ್ದಲು, ಕುಡತಿನಿಯ ಥರ್ಮಲ್ ಸ್ಥಾವರ ಎಲ್ಲಾ ಸುತ್ತಮುತ್ತಲೇ ಇವೆ. ಗಾಳಿ ಯಾವ ಕಡೆ ಬೀಸುತ್ತೋ ಆ ಕಡೆಯ ಮನೆಗೆ ಬರುತ್ತೆ.

ಬೆಳಗಿನ ಜಾವ ಹೋದಾಗ ವಾಚ್‌ಮನ್ ಜೊತೆ ಮೂರನೇ ಮಹಡಿಯ ಓಣಿಯ ಕಿಟಕಿ ಕಟ್ಟೆಯನ್ನು ಬಿಳಿ ಬಟ್ಟೆಯಿಂದ ಒರೆಸಿದೆ. ಧೂಳನ್ನು ಕಾಗದದ ಮೇಲೆ ಕೊಡವಿ ಕೆಳಗೆ ಅಯಸ್ಕಾಂತ ಹಿಡಿದು ಆಡಿಸಿದೆ. ಹಳೇ ಸ್ಪೀಕರಿನಿಂದ ಕಿತ್ತದ್ದು. ಸಂಡೂರು ಕಡೆಯ ಕೆಂಪು ಅದಿರು, ಹೆಮಟೈಟ್, ಸಾಧಾರಣ ಅಯಸ್ಕಾಂತಕ್ಕೆ ಅಂಟಲ್ಲ. ಕಬ್ಬಿಣದ ಕರಿ ಪುಡಿ ಅಂಟುತ್ತೆ. ಕಾಗದದ ಮೇಲೆ ಒಂದಿಷ್ಟು ಕರಿ ಕಣ ಸಾಲುಗಟ್ಟಿ ಇರುವೆ ಹಾಗೆ ಸರಿದಾಡಿದವು. ವಾಚ್‌ಮನ್ “ಯಪ್ಪಾ, ಇದು ನಮ್ ಎದಿಯಾಗೂ ಹೋಗ್ತೈತಲ್ಲಣ್ಣ” ಅಂದ. ಜಾಸ್ತಿ ಏನೂ ಇರಲಿಲ್ಲ, ಬಹುಪಾಲು ಮಾಮೂಲಿ ಮಣ್ಣಿನ ಧೂಳೇ. ಆದರೂ ಕಿಟಕಿಗೆ ದಿನಾ ಒದ್ದೆ ಬಟ್ಟೆ ಬೇಕು ಅಂತ ಅಕ್ಕನಿಗೆ ಹೇಳಿದೆ. ಬಡಾವಣೆಗೆ ನಾನು ಪಾಸ್ ಮಾರ್ಕ್ಸ್ ಕೊಟ್ಟೆ. ಅಂಗಡಿ ಹತ್ತಿರ, ಬೀದಿ ದೀಪ ಉರೀತವೆ, ರಾತ್ರಿ ಒಂಬತ್ತಕ್ಕೂ ಹೆಣ್ಣುಮಕ್ಕಳು ನಡೆದು ಹೋಗ್ತಿದ್ದರು.

ಪಂಪ್ ರೂಮಿನ ಗೋಡೆ

ಬಳ್ಳಾರಿಯಲ್ಲಿ ಮನೆ ನೋಡೋದು ಅಂದರೆ ನೀರು ನೋಡೋದು. ಊರಿಗೆ ನೀರು ಬರೋದು ತುಂಗಭದ್ರಾ ಕಾಲುವೆಯಿಂದ ತುಂಬಿಸೋ ಅಲ್ಲೀಪುರ, ಮೋಕಾ ಕೆರೆಗಳಿಂದ. ಬೇಸಿಗೆಯಲ್ಲಿ ಕಾಲುವೆ ನಿಂತರೆ ಕೆರೆಯಲ್ಲಿ ಇದ್ದಷ್ಟರಲ್ಲೇ ಹಂಚಬೇಕು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಗೇಟ್ ಸರಪಳಿ ಕಡಿದು ಕೊಚ್ಚಿಹೋದಾಗ ನಮ್ಮ ಕಡೆ ಎಷ್ಟು ಜನಕ್ಕೆ ನಿದ್ದೆ ಬರಲಿಲ್ಲ ಅಂತ ಹೊರಗಿನವರಿಗೆ ಹೇಳಿದರೂ ತಿಳಿಯಲ್ಲ.

“ನೀರಿನ ಚಿಂತಿನೇ ಬ್ಯಾಡ್ರಿ, 50 ಸಾವಿರ ಲೀಟರ್ ಸಂಪ್ ಐತೆ, ಎರಡು ಬೋರ್ ಅದಾವ” ಅಂದಿದ್ದರು ಬ್ರೋಕರ್. ನಾನು ಟೇಪಿನ ತುದಿಗೆ ನಟ್ ಕಟ್ಟಿ ಸಂಪಿಗೆ ಇಳಿಬಿಟ್ಟೆ. ನೀರು ನಿಲ್ಲೋ ಆಳ 8 ಅಡಿ, ಉದ್ದ 12, ಅಗಲ 10. ಒಟ್ಟು 960 ಘನ ಅಡಿ, ಒಂದು ಘನ ಅಡಿಗೆ 28.3 ಲೀಟರ್, ಅಂದರೆ ಸುಮಾರು 27 ಸಾವಿರ. ಇಪ್ಪತ್ತು ಮನೆಗೆ ಅಂದಾಜು 70 ಜನ. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಅಂತ ಸರ್ಕಾರದ ಲೆಕ್ಕ, ಹಾಗೆ ಹಿಡಿದರೆ ದಿನಕ್ಕೆ 9,450. ತುಂಬಿದ ಸಂಪು ಮೂರು ದಿನವೂ ಬರಲ್ಲ. ಆ ಬೀದಿಗೆ ನಳದ ನೀರು ಬರೋದು ವಾರಕ್ಕೊಮ್ಮೆ.

ಎರಡು ಬೋರ್‌ನಲ್ಲಿ ಒಂದು ಬತ್ತಿ ಎರಡು ವರ್ಷ ಆಗಿದೆಯಂತೆ. ಇನ್ನೊಂದರ ನೀರಿಗೆ ಟಿಡಿಎಸ್ ಮೀಟರ್, ಅಂದರೆ ನೀರಲ್ಲಿ ಕರಗಿದ ಲವಣ ಎಷ್ಟು ಅಂತ ತೋರಿಸೋದು, ಅದ್ದಿದೆ, ಲೀಟರಿಗೆ 1,640 ಮಿಲಿಗ್ರಾಂ ತೋರಿಸ್ತು. ಕುಡಿಯೋ ನೀರಿಗೆ 500ರ ಒಳಗೆ ಇರಬೇಕು, ಬೇರೆ ನೀರೇ ಇಲ್ಲ ಅಂದರೆ 2,000ದವರೆಗೆ ಆಗಬಹುದು ಅನ್ನುತ್ತೆ ಭಾರತೀಯ ಮಾನಕ. ಸವಳು ನೀರು ಅಂತ ಮೀಟರ್ ಇಲ್ಲದೆಯೂ ತಿಳೀತಿತ್ತು, ನಲ್ಲಿ ಬಾಯಿಗೆಲ್ಲ ಬಿಳಿ ಪೊರೆ ಕಟ್ಟಿತ್ತು. ಗೀಸರ್ ಎರಡು ವರ್ಷಕ್ಕೆ ಹೋಗುತ್ತೆ. ಫ್ಲೋರೈಡ್ ಈ ಮೀಟರಿನಲ್ಲಿ ಗೊತ್ತಾಗಲ್ಲ, ಅದಕ್ಕೆ ಒಂದು ಬಾಟಲಿ ಲ್ಯಾಬಿಗೆ ಕೊಡಬೇಕು. ಮಿತಿ ಲೀಟರಿಗೆ 1 ಮಿಲಿಗ್ರಾಂ, ಹೆಚ್ಚೆಂದರೆ 1.5. ನಮಗೆ 1.2 ಬಂತು.

ಹಾಗಾದರೆ ಏಪ್ರಿಲ್, ಮೇ ತಿಂಗಳಲ್ಲಿ ಏನು ಮಾಡ್ತೀರಿ? ವಾಚ್‌ಮನ್ ಏನೂ ಹೇಳದೆ ಪಂಪ್ ರೂಮಿನ ಬಾಗಿಲು ತೆಗೆದ. ಒಳಗೆ ಸ್ಟಾರ್ಟರ್ ಪೆಟ್ಟಿಗೆ ಪಕ್ಕದ ಸುಣ್ಣದ ಗೋಡೆ ಮೇಲೆ ಇದ್ದಿಲಿನ ಗೀಟು. ನಾಲ್ಕು ಉದ್ದ, ಅದರ ಮೇಲೆ ಒಂದು ಅಡ್ಡ. ಒಂದೊಂದು ಗೀಟು ಒಂದೊಂದು ಟ್ಯಾಂಕರ್, ಗೀಟು ಹಾಕೋಳು ಅವನ ಹೆಂಡತಿ. ಏಪ್ರಿಲ್‌ನ ಸಾಲು ಎಣಿಸಿದೆ, 23. ಮೇ 31. ಗೋಡೆಯ ಒಂದು ಕಡೆ ಗೀಟಿನ ಮೇಲೆ ಯಾರೋ ಒದ್ದೆ ಕೈ ಇಟ್ಟು ಎರಡು ಮೂರು ಅಳಿಸಿಹೋಗಿದ್ದವು. ಅಲ್ಲಿ ಅವಳು ಪಕ್ಕಕ್ಕೆ ಮತ್ತೆ ಬರೆದು ಸುತ್ತ ಒಂದು ಗೆರೆ ಎಳೆದಿದ್ದಳು. ಎರಡು ತಿಂಗಳಿಗೆ 54 ಟ್ಯಾಂಕರ್, ಒಂದಕ್ಕೆ 700 ರೂಪಾಯಿ, 37,800. ಇಪ್ಪತ್ತು ಮನೆಗೆ ಹಂಚಿದರೆ ಮನೆಗೆ 1,890. ದುಡ್ಡು ದೊಡ್ಡದಲ್ಲ. ಆದರೆ ನಾಲ್ಕು ಮನೆಯವರು ಕೊಡೋದೇ ಇಲ್ಲ, ಬಾಡಿಗೆಗೆ ಬಿಟ್ಟು ಬೆಂಗಳೂರಲ್ಲಿ ಇದ್ದಾರೆ. ಹಾಗಾಗಿ ಉಳಿದ ಹದಿನಾರು ಮನೆಗೆ 2,362. ನಮಗೆ ಮಾರ್ತಿದ್ದ ಮಾಲೀಕರು ಆ ನಾಲ್ವರಲ್ಲಿ ಒಬ್ಬರು. ಬಾಕಿ ಎಷ್ಟು ಅಂದರೆ “ಅದು ಯಜಮಾನರ ಪುಸ್ತಕದಾಗ ಐತೆ” ಅಂದ.

ಯಜಮಾನರು ಅಂದರೆ ಐದನೇ ಮಹಡಿಯವರು. ರೈಲ್ವೆಯಿಂದ ರಿಟೈರ್ ಆದವರು, ಅರ್ಧ ತೆಲುಗು ಅರ್ಧ ಕನ್ನಡ. ನೋಂದಣಿ ಆದ ಸಂಘ ಇಲ್ಲ, ಬ್ಯಾಂಕ್ ಖಾತೆ ಇಲ್ಲ, ಲಿಫ್ಟ್ ಮೆಕ್ಯಾನಿಕ್ ಕರೆಸೋದು, ಡೀಸೆಲ್ ತರಿಸೋದು, ಕರೆಂಟ್ ಹೋದರೆ ಜೆಸ್ಕಾಂಗೆ ಫೋನ್ ಮಾಡೋದು ಎಲ್ಲಾ ಇವರೊಬ್ಬರೇ. ಉದ್ದನೆಯ ರೂಲ್ಡ್ ಪುಸ್ತಕ, ತಿಂಗಳಿಗೊಂದು ಪುಟ, ಕೊಟ್ಟವರ ಹೆಸರಿಗೆ ನೀಲಿ ಪೆನ್ನು, ಕೊಡದವರಿಗೆ ಕೆಂಪು. ನಮ್ಮ ಮಾಲೀಕರ ಬಾಕಿ 31,400. ಈ ಪುಸ್ತಕ ನೋಡಿದ ಮೇಲೆ ನನಗೆ ಸ್ಪಷ್ಟ ಆಯ್ತು. ಭಾವ 44 ಲಕ್ಷ ಕೊಟ್ಟು ತಗೊಳ್ತಿರೋದು ಪಾಲು. ಸಂಪಿನಲ್ಲಿ ಪಾಲು, ಲಿಫ್ಟಿನಲ್ಲಿ ಪಾಲು, ಈ ಪುಸ್ತಕದಲ್ಲಿ ಒಂದು ಸಾಲು. ಕೋಣೆ ಸರಿ ಇದೆಯಾ ಅಂತ ನಾಣ್ಯ ಬಡಿದು ನೋಡಬಹುದು. ಪಾಲು ಸರಿ ಇದೆಯಾ ಅಂತ ನೋಡೋಕೆ ಕಾಗದ ಬೇಕು.

ಹದಿನಾರು ಅರುನೂರಲಿ

ವಕೀಲರನ್ನು ಹಿಡಿದೆವು. ಬ್ರೋಕರ್ ಹೇಳಿದ ವಕೀಲರಲ್ಲ, ನಮ್ಮ ಅಂಗಡಿ ಮಾಲೀಕರಿಗೆ ಗೊತ್ತಿರೋರು. ಅವರು ಹೇಳಿದ ಮೊದಲ ಮಾತು, ಲೋನ್ ಬೇಡವಾದರೂ ಬ್ಯಾಂಕಿಗೆ ಒಂದು ಅರ್ಜಿ ಹಾಕಿ, ಅವರ ವಕೀಲರು, ಅವರ ಎಂಜಿನಿಯರ್ ಇನ್ನೊಮ್ಮೆ ನೋಡ್ತಾರೆ, ಕೆಲವು ಸಾವಿರಕ್ಕೆ ಎರಡನೇ ಕಣ್ಣು ಸಿಗುತ್ತೆ ಅಂತ. ಭಾವ ಬೇಡ ಅಂದರು. ನನ್ನ ಪ್ರಕಾರ ಅದು ತಪ್ಪು.

30 ವರ್ಷದ ಇಸಿ, ಅಂದರೆ ಆಸ್ತಿ ಮೇಲೆ ನೋಂದಣಿ ಆದ ಮಾರಾಟ, ಸಾಲ ಎಲ್ಲಾ ತೋರಿಸೋ ಋಣಭಾರ ಪತ್ರ, ತೆಗೆಸಿದೆವು. 2004ರ ಏಪ್ರಿಲ್‌ನಿಂದ ಈಚೆಗಿನದು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲೇ ಸಿಗುತ್ತೆ, ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೇ ಹೋಗಬೇಕು. ಅದರಲ್ಲಿ 2015ರ ಬ್ಯಾಂಕ್ ಅಡಮಾನ ಹಾಗೇ ನಿಂತಿತ್ತು. ಸಾಲ ತೀರಿದೆ ಅಂತ ಮಾಲೀಕರ ಹತ್ತಿರ ಬ್ಯಾಂಕ್ ಪತ್ರ ಇತ್ತು, ಆದರೆ ಬಿಡುಗಡೆ ಪತ್ರ ನೋಂದಣಿ ಮಾಡಿಸಿಲ್ಲ. ಅದು ಒಂದು ದಿನದ ಕೆಲಸ. ಜಮೀನು ಮೊದಲು ಹೊಲ, ಎನ್‌ಎ ಆಗಿದೆ, ಅಂದರೆ ಕೃಷಿಯೇತರ ಬಳಕೆಗೆ ಬದಲಾಗಿದೆ, ಆದೇಶದ ಪ್ರತಿ ಸಿಕ್ಕಿತು. 1978ರ ಪಿಟಿಸಿಎಲ್ ಕಾಯ್ದೆ ಅಡಿಗೆ ಬರೋ, ಪರಿಶಿಷ್ಟ ಜಾತಿ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾ ಅಂತ ವಕೀಲರು ಹುಡುಕಿದರು, ಅಲ್ಲ. ಅಂಥ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ ಎಷ್ಟೋ ವರ್ಷದ ಮೇಲೂ ಕೇಸ್ ಬರುತ್ತೆ. ಬಿಲ್ಡರ್‌ಗಳನ್ನು ಹಿಡಿತದಲ್ಲಿಡೋ ರೇರಾ ಕಾಯ್ದೆ ಇಲ್ಲಿ ಉಪಯೋಗಕ್ಕೆ ಬರಲಿಲ್ಲ. 2016ರ ಕಾಯ್ದೆ, ಕರ್ನಾಟಕದ ನಿಯಮ ಬಂದದ್ದು 2017ರಲ್ಲಿ, ಕಟ್ಟಡ ಅದಕ್ಕಿಂತ ಹಳೇದು. ಕಟ್ಟಡದ ದೋಷಕ್ಕೆ ಬಿಲ್ಡರ್ ಐದು ವರ್ಷ ಹೊಣೆ ಅನ್ನೋ ಮಾತೂ ನಮಗೆ ಸಿಗಲ್ಲ.

ಮಂಜೂರಾದ ನಕ್ಷೆ ಕೊಡಿ ಅಂದರೆ ಮಾಲೀಕರ ಹತ್ತಿರ ಇಲ್ಲ. ಬ್ರೋಕರ್ ನಾಳೆ ನಾಳೆ ಅಂತ ಎರಡು ವಾರ ತಳ್ಳಿದರು. ಕೊನೆಗೆ ಮೊದಲನೇ ಮಹಡಿಯವರ ಲೋನ್ ಫೈಲಿನಲ್ಲಿ ಒಂದು ಜೆರಾಕ್ಸ್ ಸಿಕ್ಕಿತು. ಪಾರ್ಕಿಂಗ್, ಅದರ ಮೇಲೆ ನಾಲ್ಕು ಮಹಡಿ, ಹದಿನಾರು ಮನೆ. ಲಿಫ್ಟ್ ನಾಲ್ಕನೇ ಮಹಡಿವರೆಗೆ. ಐದನೇ ಮಹಡಿ ನಕ್ಷೆಯಲ್ಲೇ ಇಲ್ಲ.

ಈ ಕಟ್ಟಡಕ್ಕೆ ಒಸಿ ಇಲ್ಲ, ಅಂದರೆ ನಕ್ಷೆ ಪ್ರಕಾರ ಕಟ್ಟಿದೆ, ವಾಸ ಮಾಡಬಹುದು ಅಂತ ಕೊಡೋ ಸ್ವಾಧೀನ ಪತ್ರ ಇಲ್ಲ. ಅದು ಯಾಕೆ ಸಿಕ್ಕಿಲ್ಲ ಅಂತ ಈಗ ತಿಳೀತು. “ಅಕ್ರಮ ಸಕ್ರಮದಾಗ ಆಗ್ತೈತೆ ಬಿಡ್ರಿ” ಅಂದರು ಬ್ರೋಕರ್. ಅಕ್ರಮ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡೋ ಆ ಯೋಜನೆಗೆ 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿದೆ.

ವಕೀಲರು ಆಮೇಲೆ ನಮ್ಮ ಮಾಲೀಕರ ಕ್ರಯಪತ್ರದ ಷೆಡ್ಯೂಲ್ ಓದಿದರು. ನಿವೇಶನ 80 ಅಡಿಗೆ 120 ಅಡಿ, 9,600 ಚದರಡಿ. ಈ ಫ್ಲಾಟಿಗೆ ನೆಲದಲ್ಲಿ ಅವಿಭಜಿತ ಪಾಲು 600 ಚದರಡಿ. ಭಾವ ಥಟ್ಟನೆ “ಹದಿನಾರು ಅರುನೂರಲಿ ಒಂಬತ್ತು ಸಾವಿರದ ಆರುನೂರು” ಅಂದರು. ಸರಿ ಹೋಯ್ತಲ್ಲ ಅನ್ನೋ ಹಾಗೆ. ವಕೀಲರು ಕನ್ನಡಕ ತೆಗೆದು “ಸಾರ್, ಹಂಗಾದ್ರೆ ಐದನೇ ಮಹಡಿಯವರಿಗೆ ಏನು ಬರೆದುಕೊಟ್ಟಿದ್ದಾರೆ ನೋಡಿಕೊಂಡು ಬನ್ನಿ” ಅಂದರು.

ಯಜಮಾನರು ಕೇಳಿದ ಕೂಡಲೇ ಒಳಗೆ ಹೋಗಿ ಬೀರುವಿನಿಂದ ಕ್ರಯಪತ್ರ ತಂದು ಕೊಟ್ಟರು. ನಮ್ಮನ್ನು ಆಗಲೇ ನೆರೆಯವರು ಅಂದುಕೊಂಡಿದ್ದರು. 2016ರದ್ದು, ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ, ಮೊದಲ ಪುಟಕ್ಕೆ ಅರಿಶಿನ ಕುಂಕುಮ. ಕೊನೆಯಿಂದ ಎರಡನೇ ಪುಟದಲ್ಲಿ ಅದೇ ಸಾಲು: ಅವಿಭಜಿತ ಪಾಲು 600 ಚದರಡಿ. ಇಪ್ಪತ್ತು ಮನೆಗೆ 600 ಅಂದರೆ 12,000. ನೆಲ ಇರೋದು 9,600. ಬಿಲ್ಡರ್ ನೆಲ ಪೂರ್ತಿ ಮಾರಿ ಮುಗಿಸಿದ ಮೇಲೆ ಮತ್ತೆ ನಾಲ್ಕು ಮನೆಗೆ ಇಲ್ಲದ ನೆಲ ಬರೆದುಕೊಟ್ಟಿದ್ದಾರೆ. ಈಗ ಅವರ ಫೋನೂ ಸಿಗಲ್ಲ, ಆಫೀಸಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ.

ಭಾವ ಆ ಪುಟದ ಮೇಲೆ ಬೆರಳಿಟ್ಟುಕೊಂಡು ತುಂಬಾ ಹೊತ್ತು ಕೂತರು. ಹೇಳೋದೋ ಬೇಡವೋ ಅಂತ ನನ್ನ ಮುಖ ನೋಡಿದರು. ನಾನೇ ಹೇಳಿದೆ, ಲೆಕ್ಕ ಬರೆದು ತೋರಿಸಿದೆ. ಯಜಮಾನರು ಚೀಟಿ ಓದಿ, ಕ್ರಯಪತ್ರವನ್ನು ಮತ್ತೆ ಕವರಿಗೆ ಹಾಕಿ, ಅದರ ಬಾಯಿ ಎರಡು ಸಲ ಮಡಚಿ, “ಚಾ ತಗೊಂತೀರಾ ಸಾರ್?” ಅಂದರು. ಅವರಿಗೆ ಮುಂಚೆಯೇ ಗೊತ್ತಿತ್ತಾ, ಆಗ ಗೊತ್ತಾಯ್ತಾ ಅಂತ ನನಗೆ ಇವತ್ತಿಗೂ ತಿಳಿದಿಲ್ಲ. ಚಾ ಕುಡಿದೇ ಬಂದೆವು.

ವಕೀಲರ ಅಭಿಪ್ರಾಯ ಹೀಗಿತ್ತು: ನಿಮ್ಮ ಮಾಲೀಕರದ್ದು ಮೊದಲು ನೋಂದಣಿ ಆಗಿದೆ, ನಕ್ಷೆಯಲ್ಲಿ ಇರೋ ಮನೆ, ನಿಮ್ಮ ಪಾಲಿಗೆ ತೊಂದರೆ ಕಡಿಮೆ. ಆದರೆ ಒಸಿ ಇಲ್ಲ, 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಪ್ರಕಾರ ಆಗಬೇಕಾದ ಘೋಷಣಾ ಪತ್ರ ಆಗಿಲ್ಲ. ಮುಂದೆ ನೀವು ಮಾರುವಾಗ ಕೊಳ್ಳೋರಿಗೆ ಬ್ಯಾಂಕ್ ಸಾಲ ಸಿಗೋದು ಕಷ್ಟ. ಕಟ್ಟಡ ಹಳೇದಾಗಿ ಕೆಡವೋ ದಿನ ಬಂದರೆ ನಾಲ್ಕು ಮನೆಯವರು ಕೋರ್ಟಿಗೆ ಹೋಗೇ ಹೋಗ್ತಾರೆ.

ಮನೆಯಲ್ಲಿ ಎರಡು ದಿನ ಚರ್ಚೆ ಆಯ್ತು. ಭಾವನ ವಾದ, “ಎಲ್ಲಾ ಕಡೆ ಹಿಂಗೇ ಇರ್ತೈತೆ, 38ಕ್ಕೆ ಕೊಟ್ರೆ ತಗೊಳ್ಳೋಣ.” ಬೆಲೆ ಇಳಿಸಿದರೆ ಕಾಗದ ಸರಿ ಹೋಗುತ್ತಾ ಅಂತ ನಾನು. ಮಗಳು ಯಾರ ಕಡೆಗೂ ಇಲ್ಲ. ತೀರ್ಮಾನ ಮಾಡಿದ್ದು ಅಕ್ಕ. “ದಿನಾ ಲಿಫ್ಟ್‌ನಾಗ ಆ ಯಜಮಾನರ ಜೋಡಿ ನಿಂತು, ಅವರ್ನ ನಾಲ್ಕನೇದ್ರಾಗ ಇಳಿಸಿ ಮೆಟ್ಲ ಹತ್ತೋದು ನೋಡಾಕ ನನ್ ಕೈಲಾಗಲ್ಲ” ಅಂದಳು. ಅದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಬಡಾವಣೆ ಮಾತ್ರ ಬಿಡಲಿಲ್ಲ. ಜನವರಿಯಲ್ಲಿ ಎರಡು ಬೀದಿ ಆಚೆ ಒಂದು ಮನೆಯ ಕೆಳಭಾಗ ಬಾಡಿಗೆಗೆ ಸಿಕ್ಕಿತು. ಹನ್ನೊಂದು ತಿಂಗಳ ಕರಾರು, ಎರಡೇ ಮನೆಗೆ ಒಂದು ಸಂಪು, ಮೆಟ್ಟಿಲು ಹತ್ತೋ ಕೆಲಸ ಇಲ್ಲ. ಗೇಟಿನ ಕೆಳಗೆ ಮೊಣಕಾಲೆತ್ತರದ ಕಟ್ಟೆ ಇದೆ, ಅಕ್ಕನಿಗೆ ದಾಟೋದು ಕಷ್ಟ ಅಂತ ಪಕ್ಕಕ್ಕೆ ಒಂದು ಕಲ್ಲು ಹಾಕಿಸಿದ್ದೀವಿ. ಒಂದು ಬೇಸಿಗೆ, ಒಂದು ಮಳೆಗಾಲ ಅಲ್ಲೇ ಕಳೆದು ಆಮೇಲೆ ಕೊಳ್ಳೋ ಮಾತು.

ಟೋಕನ್ ವಿಷಯ. ಒಸಿ ಇಲ್ಲ, ನಕ್ಷೆ ಕೊಟ್ಟಿಲ್ಲ, ಅಡಮಾನ ಬಿಡಿಸಿಲ್ಲ ಅಂತ ವಕೀಲರು ಒಂದು ಪತ್ರ ಬರೆದುಕೊಟ್ಟರು. ಮಾಲೀಕರು ಹದಿನೈದು ದಿನ ಸುಮ್ನಿದ್ದು 75 ಸಾವಿರ ವಾಪಸ್ ಹಾಕಿದರು. ಫೋನ್‌ಪೇಯಲ್ಲಿ ದಾಖಲೆ ಇತ್ತಲ್ಲ. ಬ್ರೋಕರ್ ಕೈಗೆ ಹೋದ ನಗದಿಗೆ ಕೈಮುಗಿದ ಚಿತ್ರ ಬಿಟ್ಟರೆ ಏನೂ ಇಲ್ಲ, ಅದು ಇನ್ನೂ ಬಂದಿಲ್ಲ. ಭಾವ ಪ್ರತಿ ತಿಂಗಳು ಒಂದನೇ ತಾರೀಕು ಬೆಳಗ್ಗೆ ಅವರಿಗೆ ಹೂವಿನ ಚಿತ್ರದ ಶುಭೋದಯ ಕಳಿಸ್ತಾರೆ, ಅದರ ಕೆಳಗೆ 25,000 ಅಂತ ಅಂಕಿಯಲ್ಲಿ, ಅಕ್ಷರದಲ್ಲಿ ಎರಡೂ ಬರೆದು. ಎರಡು ನೀಲಿ ಗೀಟು ಬೀಳುತ್ತೆ.